ಡೇಟಾ ಡಯೋಡ್ ಜೊತೆ ಹದಿನಾಲ್ಕು ತಿಂಗಳು

ಡೇಟಾ ಡಯೋಡ್ ಅಂದರೆ ಡೇಟಾವನ್ನು ಒಂದೇ ದಿಕ್ಕಿಗೆ ಬಿಡುವ ಪೆಟ್ಟಿಗೆ. ಅದು ಬಂದ ದಿನ ನಾನು ಮೊದಲು ಮಾಡಿದ ಕೆಲಸ ಅದರ ಮುಚ್ಚಳ ಬಿಚ್ಚಿದ್ದು. ಮ್ಯಾನುಯಲ್ ಆಮೇಲೆ ಓದಿದರಾಯ್ತು. ಒಳಗೆ ವಾಪಸ್ ಬರುವ ದಾರಿ ಎಲ್ಲಾದರೂ ಇದೆಯಾ ಅಂತ ಕಣ್ಣಾರೆ ನೋಡಬೇಕಿತ್ತು.

ಒಳಗೆ ಎರಡು ಬೋರ್ಡ್. ನಡುವೆ ಒಂದು ತಗಡಿನ ಗೋಡೆ. ಗೋಡೆಗೆ ಒಂದೇ ತೂತು, ತೂತಿನಲ್ಲಿ ಒಂದೇ ಎಳೆ ಫೈಬರ್. ಎಡಗಡೆ ಬೋರ್ಡ್‌ನಲ್ಲಿ ಬೆಳಕು ಬಿಡುವ ಲೇಸರ್ ಇದೆ, ಬೆಳಕು ಹಿಡಿಯುವ ಸೆನ್ಸರ್ ಇಲ್ಲ. ಬಲಗಡೆ ಬೋರ್ಡ್‌ನಲ್ಲಿ ಸೆನ್ಸರ್ ಇದೆ, ಲೇಸರ್ ಇಲ್ಲ. ಮಾಮೂಲಿ ಫೈಬರ್ ಮಾಡ್ಯೂಲ್‌ನಲ್ಲಿ ಎರಡು ಕಿಂಡಿ ಇರುತ್ತವೆ, ಕಳಿಸೋದಕ್ಕೊಂದು, ತಗೊಳ್ಳೋದಕ್ಕೊಂದು. ಇಲ್ಲಿ ಎರಡನೇ ಕಿಂಡಿ ಇರಬೇಕಾದ ಜಾಗದಲ್ಲಿ ಬೋರ್ಡ್ ಮೇಲೆ ಬರೀ ಖಾಲಿ ಪ್ಯಾಡ್‌ಗಳು, ಬೆಸುಗೆಯೇ ಹಾಕಿಲ್ಲ. ಪವರ್ ಸಪ್ಲೈ ಕೂಡ ಎರಡೂ ಕಡೆಗೆ ಬೇರೆ ಬೇರೆ. ಟಾರ್ಚ್ ಹಿಡಿದು ಅರ್ಧ ಗಂಟೆ ನೋಡಿದೆ. ಎರಡು ಬೋರ್ಡ್‌ಗಳ ನಡುವೆ ತಾಮ್ರದ ತಂತಿ ಒಂದೂ ಇಲ್ಲ. ಮನಸ್ಸಿಗೆ ಸಮಾಧಾನ ಆಯ್ತು.

ನಾನು ಇಪ್ಪತ್ತೆರಡು ವರ್ಷದಿಂದ ಇನ್‌ಸ್ಟ್ರುಮೆಂಟೇಶನ್ ಕೆಲಸದಲ್ಲಿದ್ದೇನೆ. ಈಗ ಅಣು ವಿದ್ಯುತ್ ಸ್ಥಾವರಗಳ ಸಿಬ್ಬಂದಿಗೆ ತರಬೇತಿ ಕೊಡುವ ಒಂದು ಲ್ಯಾಬ್ ನೋಡಿಕೊಳ್ಳುತ್ತೇನೆ. ಅಲ್ಲಿ ರಿಯಾಕ್ಟರ್ ಇಲ್ಲ. ರಿಯಾಕ್ಟರ್, ಟರ್ಬೈನ್ ಎಲ್ಲ ಸಿಮ್ಯುಲೇಟರ್‌ನಲ್ಲಿ ಓಡುತ್ತವೆ. ಆದರೆ ಅದಕ್ಕೆ ಜೋಡಿಸಿದ ಪಿಎಲ್‌ಸಿಗಳು (ಪಂಪ್, ವಾಲ್ವ್‌ಗಳನ್ನು ನಡೆಸುವ ಸಣ್ಣ ಕಂಪ್ಯೂಟರ್‌ಗಳು), ಆಪರೇಟರ್ ಪರದೆಗಳು, ರೀಡಿಂಗ್‌ಗಳನ್ನೆಲ್ಲ ಕೂಡಿಡುವ ಹಿಸ್ಟೋರಿಯನ್ ಸರ್ವರ್, ಇವು ಅಸಲಿ. ನೀರು ಸುತ್ತುವ ಒಂದು ಸಣ್ಣ ಲೂಪ್ ಕೂಡ ಇದೆ, ಎರಡು ಪಂಪ್, ನಾಲ್ಕು ವಾಲ್ವ್. ಇಲ್ಲಿ ಏನು ಕೆಟ್ಟರೂ ಯಾರಿಗೂ ಅಪಾಯ ಇಲ್ಲ. ಅದಕ್ಕೇ ಇಲ್ಲಿ ಬೇಕಂತಲೇ ಕೆಡಿಸಿ ನೋಡಬಹುದು. ಈ ಡಯೋಡನ್ನೂ, ಅದರ ಜೊತೆಗೆ ಅದೇ ಕಂಪನಿ ಕೊಟ್ಟ ಯುಎಸ್‌ಬಿ ಪರೀಕ್ಷೆ ಮಾಡುವ ಕಿಯಾಸ್ಕನ್ನೂ ಹದಿನಾಲ್ಕು ತಿಂಗಳು ಹಾಗೇ ಬಳಸಿದ್ದೇವೆ. ಕಂಪನಿಯ ಹೆಸರು ಬರೆಯುವುದಿಲ್ಲ. ನಮಗೆ ಎದುರಾದ ತೊಂದರೆಗಳು ಈ ಜಾತಿಯ ಯಾವ ಪೆಟ್ಟಿಗೆಯಲ್ಲಾದರೂ ಬರಬಹುದಾದವು. ಕೊಳ್ಳುವವರು ಏನು ಕೇಳಬೇಕು ಅನ್ನುವುದು ಗೊತ್ತಾದರೆ ನನಗೆ ಸಾಕು.

ಇಂಥ ಪೆಟ್ಟಿಗೆ ಯಾಕೆ ಬೇಕು ಅಂತ ತರಬೇತಿಗೆ ಬಂದವರು ಮೊದಲ ದಿನವೇ ಕೇಳುತ್ತಾರೆ. ಫೈರ್‌ವಾಲ್ ಇದೆಯಲ್ಲ ಸರ್, ಸಾಲದಾ? ಆಗ ನಾನು ಹ್ಯಾಚ್ ಕಥೆ ಹೇಳುತ್ತೇನೆ.

2008ರ ಮಾರ್ಚ್. ಅಮೆರಿಕದ ಜಾರ್ಜಿಯಾ ರಾಜ್ಯದ ಹ್ಯಾಚ್ ಸ್ಥಾವರದ 2ನೇ ಘಟಕ ತಾನಾಗೇ ನಿಂತುಹೋಯಿತು. ಯಾರೂ ದಾಳಿ ಮಾಡಿರಲಿಲ್ಲ. ಆಫೀಸ್ ಕಡೆಯ ನೆಟ್‌ವರ್ಕ್‌ನಲ್ಲಿದ್ದ ಒಂದು ಕಂಪ್ಯೂಟರ್‌ಗೆ ಇಂಜಿನಿಯರ್ ಒಬ್ಬರು ಅಪ್‌ಡೇಟ್ ಹಾಕಿದರು ಅಷ್ಟೇ. ಆ ಕಂಪ್ಯೂಟರ್ ಕಂಟ್ರೋಲ್ ಸಿಸ್ಟಮ್‌ನಿಂದ ರೀಡಿಂಗ್ ತಗೊಳ್ಳುತ್ತಿತ್ತು, ಜೊತೆಗೆ ಎರಡೂ ಕಡೆಯ ಡೇಟಾ ಒಂದೇ ಇರುವ ಹಾಗೆ ಸರಿಹೊಂದಿಸುತ್ತಿತ್ತು. ಅಪ್‌ಡೇಟ್ ಆಗಿ ಅದು ರೀಸ್ಟಾರ್ಟ್ ಆದಾಗ ಕಂಟ್ರೋಲ್ ಕಡೆಯ ಡೇಟಾ ಕೂಡ ಅಳಿಸಿಹೋಯಿತು. ಡೇಟಾ ಇಲ್ಲದ್ದನ್ನು ಕಂಡ ಸುರಕ್ಷತಾ ವ್ಯವಸ್ಥೆ, ತಣಿಸುವ ನೀರು ಕಡಿಮೆಯಾಗಿದೆ ಅಂತ ತಿಳಿದು ರಿಯಾಕ್ಟರ್ ನಿಲ್ಲಿಸಿತು. ಘಟಕ 48 ಗಂಟೆ ನಿಂತಿತ್ತು. ಸುರಕ್ಷತಾ ವ್ಯವಸ್ಥೆ ತನ್ನ ಕೆಲಸವನ್ನು ಸರಿಯಾಗೇ ಮಾಡಿತು ಅನ್ನಿ. ಆದರೆ ಆಫೀಸಿನ ಒಂದು ಕಂಪ್ಯೂಟರ್ ರೀಸ್ಟಾರ್ಟ್ ಆದರೆ ರಿಯಾಕ್ಟರ್ ನಿಲ್ಲುತ್ತೆ ಅಂದರೆ, ಅಲ್ಲಿ ಇರಬಾರದ ದಾರಿಯೊಂದು ಇತ್ತು ಅಂತ ತಾನೇ ಅರ್ಥ? ರೀಡಿಂಗ್ ಹೊರಗೆ ಹೋಗಲಿಕ್ಕೆ ಅಂತ ಮಾಡಿದ ದಾರಿಯಲ್ಲಿ ಸೊನ್ನೆ ಒಳಗೆ ಬಂತು.

ಫೈರ್‌ವಾಲ್ ಅಂದರೆ ಬಾಗಿಲಲ್ಲಿ ನಿಂತ ಕಾವಲುಗಾರ. ಪಟ್ಟಿ ನೋಡಿ ಬಿಡುತ್ತಾನೆ. ಪಟ್ಟಿಯಲ್ಲಿ ತಪ್ಪಿದ್ದರೆ ತಪ್ಪಾದವರನ್ನೂ ಬಿಡುತ್ತಾನೆ. ಫೈರ್‌ವಾಲ್ ಕೂಡ ಒಂದು ಸಾಫ್ಟ್‌ವೇರ್, ಅದರಲ್ಲೇ ದೋಷ ಇದ್ದರೆ ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಡಯೋಡ್‌ನಲ್ಲಿ ಬಾಗಿಲೇ ಇಲ್ಲ. ನಮ್ಮ ಕಡೆಯ ಜನಕ್ಕೆ ನಾನ್ ರಿಟರ್ನ್ ವಾಲ್ವ್, ಅಂದರೆ ನೀರನ್ನು ಒಂದೇ ಕಡೆ ಬಿಡುವ ವಾಲ್ವ್, ಅಂದರೆ ಬೇಗ ಅರ್ಥ ಆಗುತ್ತೆ. ಆದರೂ ಒಂದು ವ್ಯತ್ಯಾಸ ಇದೆ. ನಾನ್ ರಿಟರ್ನ್ ವಾಲ್ವ್ ಹಳತಾದರೆ ಸೀಟ್ ಸವೆದು ಹಿಂದಕ್ಕೆ ಸೋರುತ್ತೆ. ಇಲ್ಲಿ ಆ ಕಡೆ ಬೆಳಕು ಹುಟ್ಟಿಸುವ ಭಾಗವೇ ಇಲ್ಲ, ಸೋರೋದು ಎಲ್ಲಿಂದ?

ಅಮೆರಿಕದ ಪರಮಾಣು ನಿಯಂತ್ರಣ ಆಯೋಗ 2010ರಲ್ಲಿ ಕೊಟ್ಟ 5.71ನೇ ಮಾರ್ಗಸೂಚಿ ಇದನ್ನೇ ಹೇಳುತ್ತದೆ. ಸ್ಥಾವರದ ನೆಟ್‌ವರ್ಕ್‌ಗಳನ್ನು 0ಯಿಂದ 4ರ ತನಕ ಐದು ಮಟ್ಟ ಮಾಡಿ, ಸುರಕ್ಷತಾ ವ್ಯವಸ್ಥೆಗಳನ್ನು 4ರಲ್ಲಿ ಇಡಿ. 4ರಿಂದ 3ಕ್ಕೆ, 3ರಿಂದ 2ಕ್ಕೆ ಡೇಟಾ ಹೊರಮುಖವಾಗಿ ಮಾತ್ರ ಹೋಗಲಿ. ನಮ್ಮ ಲ್ಯಾಬ್‌ನಲ್ಲಿ 3 ಮತ್ತು 2ರ ನಡುವೆ ಈ ಪೆಟ್ಟಿಗೆ ಕೂತಿದೆ. 2019ರಲ್ಲಿ ಕೂಡಂಕುಳಂ ಅಣು ಸ್ಥಾವರದ ಸುದ್ದಿ ಬಂದಾಗಲೂ ಪ್ರಶ್ನೆ ಇದೇ ಆಗಿತ್ತು. ಆಡಳಿತದ ಕೆಲಸಕ್ಕೆ ಬಳಸುವ, ಇಂಟರ್ನೆಟ್ ಇದ್ದ ಒಂದು ಕಂಪ್ಯೂಟರ್‌ನಲ್ಲಿ ಮಾಲ್‌ವೇರ್ (ಕೆಡುಕು ಮಾಡುವ ಸಾಫ್ಟ್‌ವೇರ್) ಸಿಕ್ಕಿದ್ದನ್ನು ಅದನ್ನು ನಡೆಸುವ ಸರ್ಕಾರಿ ಕಂಪನಿ ಎನ್‌ಪಿಸಿಐಎಲ್ ಒಪ್ಪಿಕೊಂಡಿತು. ಒಳಗಿನ ಮುಖ್ಯ ನೆಟ್‌ವರ್ಕ್ ಅದರಿಂದ ಬೇರೆಯಾಗೇ ಇದೆ, ಸ್ಥಾವರದ ವ್ಯವಸ್ಥೆಗಳಿಗೆ ಏನೂ ಆಗಿಲ್ಲ ಅಂತಲೂ ಹೇಳಿತು. ಆವತ್ತು ಎಲ್ಲರ ನೆಮ್ಮದಿ ನಿಂತಿದ್ದು 'ಬೇರೆಯಾಗೇ ಇದೆ' ಅನ್ನುವ ಆ ಒಂದು ಮಾತಿನ ಮೇಲೆ. ಅದನ್ನು ಬಾಯಿಮಾತಲ್ಲಿ ಬಿಡದೆ ತಗಡು, ಗಾಜಿನಲ್ಲಿ ಮಾಡಿಟ್ಟದ್ದೇ ಈ ಪೆಟ್ಟಿಗೆ.

ಈಗ ಬಳಕೆಗೆ ಬರೋಣ.

ಹಾರ್ಡ್‌ವೇರ್ ಬಗ್ಗೆ ನನಗೆ ಒಂದೂ ದೂರಿಲ್ಲ. ಹೊರಗಿನಿಂದ ಒಳಗೆ ಪಿಂಗ್ ಮಾಡಿದೆವು, ಅಂದರೆ ಇದ್ದೀಯಾ ಅಂತ ಕೂಗಿ ನೋಡಿದೆವು, ಹೋಗಲಿಲ್ಲ. ತೆರೆದ ದಾರಿ ಹುಡುಕುವ ಪೋರ್ಟ್ ಸ್ಕ್ಯಾನ್ ಮಾಡಿದೆವು, ಒಳಗಿನ ಕಡೆ ಒಂದು ಪ್ಯಾಕೆಟ್ ಕೂಡ ಕಾಣಲಿಲ್ಲ. ಹೊರಗಿನ ಬೋರ್ಡ್‌ನ ಸಾಫ್ಟ್‌ವೇರನ್ನೇ ಪೂರ್ತಿ ಅಳಿಸಿ ಬೇರೆ ಹಾಕಿದೆವು, ಅಂದರೆ ಹೊರಗಿನ ಅರ್ಧ ಶತ್ರುವಿನ ಕೈಗೆ ಪೂರ್ತಿ ಸಿಕ್ಕಿದೆ ಅಂತ ಇಟ್ಟುಕೊಂಡು. ಆಗಲೂ ಒಳಗಿನ ಲೂಪ್ ತನ್ನ ಪಾಡಿಗೆ ಓಡುತ್ತಿತ್ತು. ಪಂಪ್‌ಗೆ ಏನೂ ಗೊತ್ತೇ ಆಗಲಿಲ್ಲ.

ಒಂದು ಪ್ರಯೋಗ ಮಾತ್ರ ಎಲ್ಲರೂ ಮಾಡಿ ನೋಡಬೇಕು. ಪೆಟ್ಟಿಗೆಯನ್ನು ಬೇಕಂತಲೇ ತಿರುಗಿಸಿ ಹಾಕಿದೆವು, ಹೊರಗಿನಿಂದ ಒಳಗೆ ಹರಿಯುವ ಹಾಗೆ. ಸಾಫ್ಟ್‌ವೇರ್ ಅಪ್‌ಡೇಟ್, ಹವಾಮಾನದ ಮಾಹಿತಿ, ಇಂಥದ್ದನ್ನು ಒಳಗೆ ತರಲಿಕ್ಕೆ ಕೆಲವರು ಹಾಗೂ ಹಾಕುತ್ತಾರೆ. ಒಂದೇ ಕಡೆ ತಾನೇ, ಏನು ಮಹಾ ಅಪಾಯ ಅನ್ನಿಸುತ್ತೆ ಅಲ್ವಾ? 2003ರ ಜನವರಿಯಲ್ಲಿ ಓಹಾಯೊ ರಾಜ್ಯದ ಡೇವಿಸ್ ಬೆಸ್ಸಿ ಅಣು ಸ್ಥಾವರಕ್ಕೆ ನುಗ್ಗಿದ ಸ್ಲ್ಯಾಮರ್ ಹುಳವನ್ನು (ಕಂಪ್ಯೂಟರ್‌ನಿಂದ ಕಂಪ್ಯೂಟರ್‌ಗೆ ತಾನಾಗೇ ಹರಡುವ ಮಾಲ್‌ವೇರ್) ನೆನೆಸಿಕೊಳ್ಳಿ. ಅದರ ಇಡೀ ಗಾತ್ರ 376 ಬೈಟ್. ಉತ್ತರಕ್ಕೆ ಕಾಯದೆ ಕಳಿಸುವ ಒಂದೇ ಒಂದು ಯುಡಿಪಿ ಪ್ಯಾಕೆಟ್‌ನಲ್ಲಿ ಪೂರ್ತಿ ಹಿಡಿಸುತ್ತಿತ್ತು. ಎದುರಿನ ಕಂಪ್ಯೂಟರ್ ಉತ್ತರ ಕೊಡಬೇಕು ಅಂತಲೂ ಇಲ್ಲ, ಪ್ಯಾಕೆಟ್ ತಲುಪಿದರೆ ಸಾಕು. ಡಯೋಡ್ ತಡೆಯೋದು ವಾಪಸ್ ಬರುವ ಮಾತನ್ನು. ಉತ್ತರವೇ ಬೇಡದ ಹುಳಕ್ಕೆ ತಿರುಗಿಸಿ ಹಾಕಿದ ಡಯೋಡ್ ಅಂದರೆ ತೆರೆದ ಹೆಬ್ಬಾಗಿಲು. ನಾವು ಹುಳದ ಬದಲು 376 ಬೈಟ್‌ನ ಸುಮ್ನೆ ಒಂದು ಸಾಲು ಅಕ್ಷರ ಕಳಿಸಿದೆವು. ಒಂದೇ ಏಟಿಗೆ ಒಳಗೆ ಹೋಗಿ ಕೂತಿತು. ಆ ಪ್ಯಾಕೆಟನ್ನು ಪರದೆ ಮೇಲೆ ಕಂಡಾಗ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ.

ಅದಕ್ಕೇ ಪೆಟ್ಟಿಗೆಯ ಮೇಲೆ ಬಾಣದ ಗುರುತು ದೊಡ್ಡದಾಗಿ ಇರಬೇಕು. ಇದರಲ್ಲಿ ಹಿಂಬದಿ ಪ್ಲೇಟ್ ಮೇಲೆ ಹೆಬ್ಬೆರಳಿನ ಉಗುರಿನಷ್ಟು ಸಣ್ಣ ಬಾಣ ಇದೆ. ರ್‍ಯಾಕ್‌ನಲ್ಲಿ ಕೂರಿಸಿದ ಮೇಲೆ ಕಾಣುವುದೇ ಇಲ್ಲ. ನಾವು ಮುಂದೆ ಕೆಂಪು ಟೇಪ್‌ನಲ್ಲಿ ಬಾಣ ಅಂಟಿಸಿದ್ದೇವೆ.

ಇನ್ನು ಸಾಫ್ಟ್‌ವೇರ್. ತೊಂದರೆ ಎಲ್ಲ ಇಲ್ಲೇ ಇರುವುದು.

ಮಾಮೂಲಿ ನೆಟ್‌ವರ್ಕ್ ಮಾತುಕತೆ ಎರಡು ಕಡೆಯದ್ದು. ಇವನು ಕರೀತಾನೆ, ಅವನು ಓ ಅಂತಾನೆ, ಆಮೇಲೆ ಮಾತು. ಡಯೋಡ್‌ನಲ್ಲಿ ಓ ಅನ್ನುವ ದನಿ ವಾಪಸ್ ಬರುವುದೇ ಇಲ್ಲ. ಅದಕ್ಕೆ ಎರಡೂ ಕಡೆ ಒಂದೊಂದು ಪ್ರಾಕ್ಸಿ, ಅಂದರೆ ಬೇರೆಯವರ ಪರವಾಗಿ ಮಾತಾಡುವ ಕಂಪ್ಯೂಟರ್, ಇಡುತ್ತಾರೆ. ಒಳಗಿನ ಪ್ರಾಕ್ಸಿ ಹಿಸ್ಟೋರಿಯನ್ ಜೊತೆ ಮಾಮೂಲಿಯಾಗಿ ಮಾತಾಡಿ ಡೇಟಾ ತಗೊಂಡು ಬೆಳಕಿಗೆ ಸುರಿಯುತ್ತೆ. ಹೊರಗಿನದು ಅದನ್ನು ಹಿಡಿದು ಜೋಡಿಸಿ, ತಾನೇ ಹಿಸ್ಟೋರಿಯನ್ ಅನ್ನುವ ಹಾಗೆ ಹೊರಗಿನವರಿಗೆ ಕೊಡುತ್ತೆ. ಯಾವುದಾದರೂ ಪ್ಯಾಕೆಟ್ ದಾರಿಯಲ್ಲಿ ಕಳೆದರೆ ಇನ್ನೊಮ್ಮೆ ಕಳಿಸಿ ಅಂತ ಕೇಳಲಿಕ್ಕಾಗಲ್ಲ. ಅದಕ್ಕೆ ಕಳಿಸುವಾಗಲೇ ಸ್ವಲ್ಪ ಜಾಸ್ತಿ ಮಾಹಿತಿ ಸೇರಿಸಿ ಕಳಿಸುತ್ತಾರೆ, ಒಂದಿಷ್ಟು ಕಳೆದರೂ ಉಳಿದದ್ದರಿಂದ ಕಟ್ಟಿಕೊಳ್ಳಲಿ ಅಂತ. ಇದು ಚೆನ್ನಾಗಿ ಕೆಲಸ ಮಾಡುತ್ತೆ. 2,400 ಟ್ಯಾಗ್‌ಗಳು (ಒಂದೊಂದು ರೀಡಿಂಗ್‌ಗೆ ಒಂದೊಂದು ಹೆಸರು) ಸೆಕೆಂಡಿಗೊಮ್ಮೆ ಹೋಗುತ್ತವೆ. ತಿಂಗಳುಗಟ್ಟಲೆ ಒಂದೂ ಕಳೆಯಲಿಲ್ಲ.

ಐದನೇ ತಿಂಗಳಲ್ಲಿ ಒಂದು ಮಧ್ಯಾಹ್ನ ನಮ್ಮ ತಂಡದ ಹೊಸ ಹುಡುಗಿ ನನ್ನ ಮೇಜಿನ ಹತ್ತಿರ ಬಂದಳು. "ಸರ್, ಎರಡನೇ ಪಂಪ್ ಬೇರಿಂಗ್ ಟೆಂಪರೇಚರ್ ಯಾಕೋ ಅಲ್ಲಾಡ್ತಾನೇ ಇಲ್ಲ."

ಹೋಗಿ ನೋಡಿದೆ. 61.4. ಗ್ರಾಫ್‌ನಲ್ಲಿ ಸ್ಕೇಲ್ ಇಟ್ಟು ಎಳೆದ ಹಾಗೆ ನೇರ ಗೆರೆ. ಪಕ್ಕದಲ್ಲಿ ಟ್ಯಾಗ್‌ನ ಕ್ವಾಲಿಟಿ 'ಗುಡ್' ಅಂತ ಹಸಿರಾಗಿ ಬರೆದಿತ್ತು. ಡಯೋಡ್‌ನ ಲಿಂಕ್ ದೀಪವೂ ಹಸಿರು. ಒಳಗಿನ ಕೋಣೆಗೆ ಹೋಗಿ ಅಸಲಿ ಪರದೆ ನೋಡಿದರೆ 64.9 ಇತ್ತು, ನಿಧಾನಕ್ಕೆ ಏರುತ್ತಿತ್ತು. ಹೊರಗಿನ ಪರದೆಯಲ್ಲಿ ಅದು 43 ನಿಮಿಷದಿಂದ 61.4ರಲ್ಲೇ ನಿಂತಿತ್ತು. ಬರೀ ಅದೊಂದೇ ಅಲ್ಲ, 2,400 ಟ್ಯಾಗ್‌ಗಳೂ ನಿಂತಿದ್ದವು. ಉಳಿದವರ ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೇ. ಅಸಲಿ ಬೇರಿಂಗ್ ಯಾವತ್ತೂ ಅಷ್ಟು ಸುಮ್ಮನೆ ಕೂರಲ್ಲ, ಪಾಯಿಂಟ್ ಒಂದು ಪಾಯಿಂಟ್ ಎರಡು ಅಂತ ಆಡುತ್ತಲೇ ಇರುತ್ತೆ. ಆ ಹುಡುಗಿಗೆ ಅದು ಗೊತ್ತಿತ್ತು. ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಆವತ್ತಿನಿಂದ ನಾನು ಅವಳನ್ನು ಎಲ್ಲ ಬ್ಯಾಚ್‌ಗೂ ಪಾಠಕ್ಕೆ ಕರೆಯುತ್ತೇನೆ.

ಆಗಿದ್ದೇನು ಅಂದರೆ, ಹೊರಗಿನ ಪ್ರಾಕ್ಸಿಯ ಡಿಸ್ಕ್ ಲಾಗ್ ಫೈಲ್‌ಗಳಿಂದ ತುಂಬಿಹೋಗಿತ್ತು. ಡೇಟಾ ಬಿಡಿಸುವ ಪ್ರೋಗ್ರಾಮ್ ನಿಂತಿತ್ತು. ಬೆಳಕು ಬರುತ್ತಲೇ ಇತ್ತು, ಓದುವವರಿರಲಿಲ್ಲ. ಒಳಗಿನ ಪ್ರಾಕ್ಸಿಗೆ ಇದು ಗೊತ್ತಾಗುವ ದಾರಿಯೇ ಇಲ್ಲ, ಡಯೋಡ್ ಅಲ್ವಾ. ಅದು ತನ್ನ ಪಾಡಿಗೆ ಕಳಿಸುತ್ತಿತ್ತು. ಹೊರಗಿನ ಪ್ರಾಕ್ಸಿಯ ಇನ್ನೊಂದು ಭಾಗ ಕೊನೆಗೆ ಬಂದ ರೀಡಿಂಗ್‌ಗಳನ್ನೇ ಹಿಡಿದುಕೊಂಡು, ಅವಕ್ಕೆ 'ಗುಡ್' ಮುದ್ರೆ ಹಾಕಿ ಕೊಡುತ್ತಿತ್ತು. ನನಗೆ ನಿಜವಾಗಿ ಸಿಟ್ಟು ಬಂದದ್ದು ಇದಕ್ಕೆ. ಡೇಟಾ ನಿಂತರೆ ನಿಲ್ಲಲಿ. ಹಳೆಯದನ್ನು ಹೊಸದು ಅಂತ ಹೇಳಬಾರದು.

ಒಳಗಿನ ಆಪರೇಟರ್‌ಗಳಿಗೆ ಇದರಿಂದ ತೊಂದರೆ ಇಲ್ಲ ನಿಜ. ಅವರ ಪರದೆ ನೇರವಾಗಿ ಪಿಎಲ್‌ಸಿಯಿಂದ ಬರುತ್ತೆ. ಆದರೆ ಅಸಲಿ ಸ್ಥಾವರದಲ್ಲಿ ಹೊರಗಿನ ಡೇಟಾ ನಂಬಿ ಕೂತವರು ತುಂಬಾ ಜನ ಇರುತ್ತಾರೆ. ಯಂತ್ರಗಳ ಆರೋಗ್ಯ ನೋಡುವವರು, ರಿಪೇರಿ ಯಾವಾಗ ಅಂತ ಲೆಕ್ಕ ಹಾಕುವವರು, ತುರ್ತು ಸಮಯದಲ್ಲಿ ಸಲಹೆ ಕೊಡುವ ಕೇಂದ್ರದವರು. ಅವರ ಮುಂದೆ 43 ನಿಮಿಷ ಹಳೆಯ ರೀಡಿಂಗ್ ಹಸಿರು ಬಣ್ಣದಲ್ಲಿ ಇದ್ದರೆ ಹೇಗೆ? 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್ ಅನ್ನುವ ಮಾಲ್‌ವೇರ್ ಇರಾನಿನ ನಟಾಂಜ್ ಯುರೇನಿಯಂ ಘಟಕದಲ್ಲಿ ಮಾಡಿದ್ದೂ ಇದೇ ಕೆಲಸ. ಅಲ್ಲಿ ಯುರೇನಿಯಂ ಬೇರ್ಪಡಿಸಲು ಜೋರಾಗಿ ತಿರುಗುವ ಸೆಂಟ್ರಿಫ್ಯೂಜ್ ಯಂತ್ರಗಳನ್ನು ಹಾಳು ಮಾಡುವಾಗ, ಮೊದಲೇ ಹಿಡಿದಿಟ್ಟ ಮಾಮೂಲಿ ರೀಡಿಂಗ್‌ಗಳನ್ನು ವಾಪಸ್ ತೋರಿಸಿ ಎಲ್ಲ ಸರಿಯಾಗಿದೆ ಅಂತ ನಂಬಿಸಿತು. ಅದು ಬೇಕಂತ ಮಾಡಿದ್ದು, ನಮ್ಮದು ಡಿಸ್ಕ್ ತುಂಬಿ ಆದದ್ದು. ಪರದೆ ಮುಂದೆ ಕೂತವರಿಗೆ ಎರಡೂ ಒಂದೇ ಥರ ಕಾಣುತ್ತೆ.

ಇದಕ್ಕೆ ಪರಿಹಾರ ಪೆಟ್ಟಿಗೆಯಲ್ಲೇ ಇತ್ತು. ಹಾರ್ಟ್‌ಬೀಟ್ ಅಂತ ಒಂದು ಸೌಲಭ್ಯ. ಒಳಗಿನ ಪ್ರಾಕ್ಸಿ ಸೆಕೆಂಡಿಗೊಮ್ಮೆ ಒಂದೊಂದು ಏರುವ ಸಂಖ್ಯೆ ಕಳಿಸುತ್ತೆ, ಅದು ನಿಂತರೆ ಹೊರಗಿನ ಕಡೆ ಅಲಾರ್ಮ್ ಹೊಡೆಯುತ್ತೆ, ಟ್ಯಾಗ್‌ಗಳೆಲ್ಲ 'ಬ್ಯಾಡ್' ಆಗುತ್ತವೆ. ಆದರೆ ಇದು ಕಂಪನಿಯಿಂದ ಬರುವಾಗಲೇ ಆಫ್ ಆಗಿತ್ತು! ಮ್ಯಾನುಯಲ್‌ನ 187ನೇ ಪುಟದಲ್ಲಿ ಎರಡು ಸಾಲು. ನಾನು ಓದಿರಲಿಲ್ಲ ಅನ್ನುವುದು ನನ್ನ ತಪ್ಪು, ಒಪ್ಪುತ್ತೇನೆ. ಆದರೂ ಇಂಥದ್ದನ್ನು ಆಫ್ ಮಾಡಿ ಕಳಿಸುವುದು ಯಾವ ನ್ಯಾಯ? ಈಗ ನಮ್ಮಲ್ಲಿ ಆ ಸಂಖ್ಯೆಯನ್ನೇ ಒಂದು ಟ್ಯಾಗ್ ಮಾಡಿ, ಎಲ್ಲ ಹೊರಗಿನ ಪರದೆಗಳ ಬಲ ಮೇಲ್ತುದಿಯಲ್ಲಿ ತೋರಿಸುತ್ತೇವೆ. ಅದು ಓಡುತ್ತಿದ್ದರೆ ಮಾತ್ರ ಉಳಿದದ್ದನ್ನು ನಂಬಿ ಅಂತ ಹೇಳುತ್ತೇವೆ.

ಅವತ್ತು ಕಂಪನಿಯ ಸಪೋರ್ಟ್‌ಗೆ ಫೋನ್ ಮಾಡಿದಾಗ ಆದದ್ದನ್ನು ಹೇಳದೆ ಈ ವಿಮರ್ಶೆ ಪೂರ್ತಿ ಆಗಲ್ಲ.

ಫೋನ್ ತೆಗೆದ ಹುಡುಗ ತುಂಬಾ ಮರ್ಯಾದೆಯಿಂದ ಮಾತಾಡಿದ. ಹೊರಗಿನ ಪ್ರಾಕ್ಸಿಯ ಲಾಗ್ ಕಳಿಸಿದೆವು. ಅರ್ಧ ಗಂಟೆ ನೋಡಿ, "ಸರ್, ಒಳಗಿನ ಪ್ರಾಕ್ಸಿಯ ಸೆಟ್ಟಿಂಗ್ ಕೂಡ ನೋಡಬೇಕು. ನೀವೊಂದು ನೆಟ್‌ವರ್ಕ್ ಕೇಬಲ್ ಎಳೆದು ಕನೆಕ್ಟ್ ಮಾಡಿದ್ರೆ ನಾವು ಇಲ್ಲಿಂದಲೇ ನೋಡ್ತೀವಿ. ಒಂದೇ ಒಂದು ಗಂಟೆ ಸರ್, ಆಮೇಲೆ ತೆಗೆದುಬಿಡಿ" ಅಂದ.

ನಾನು ಒಂದು ನಿಮಿಷ ಸುಮ್ಮನಿದ್ದೆ. ಡಯೋಡ್ ಮಾಡುವ ಕಂಪನಿಯೇ ಡಯೋಡ್‌ನ ಪಕ್ಕದಲ್ಲಿ ತಂತಿ ಎಳೆಯಿರಿ ಅನ್ನುತ್ತಿದೆ. ಡೇವಿಸ್ ಬೆಸ್ಸಿಯಲ್ಲಿ ಸ್ಲ್ಯಾಮರ್ ಒಳಗೆ ಬಂದದ್ದು ಹೇಗೆ ಗೊತ್ತಾ? ಫೈರ್‌ವಾಲ್ ಆ ಹುಳದ ಪೋರ್ಟನ್ನು ಸರಿಯಾಗೇ ಮುಚ್ಚಿತ್ತು. ಆದರೆ ಗುತ್ತಿಗೆದಾರರ ನೆಟ್‌ವರ್ಕ್‌ಗೆ ಅಂತ ಇನ್ನೊಂದು ಲೈನ್ ಇತ್ತು, ಅದು ಫೈರ್‌ವಾಲ್ ಮುಟ್ಟದೆ ಹಿಂದಿನಿಂದ ಒಳಗೆ ಸೇರುತ್ತಿತ್ತು. ಹುಳ ಆ ಲೈನ್ ಹಿಡಿದು ಬಂತು. ಸುರಕ್ಷತೆಯ ಮುಖ್ಯ ಅಂಕಿಗಳನ್ನು ತೋರಿಸುವ ಕಂಪ್ಯೂಟರ್ ಸುಮಾರು 5 ಗಂಟೆ ಕೆಟ್ಟು ನಿಂತಿತ್ತು. ರಿಯಾಕ್ಟರ್ ಅದಕ್ಕೂ ಮೊದಲೇ ಬೇರೆ ಕಾರಣಕ್ಕೆ ನಿಂತಿದ್ದರಿಂದ ಅನಾಹುತ ಆಗಲಿಲ್ಲ. ಆ ಹುಳಕ್ಕೆ ಔಷಧಿ, ಅಂದರೆ ಮೈಕ್ರೋಸಾಫ್ಟ್‌ನ ಪ್ಯಾಚ್, ಆರು ತಿಂಗಳ ಹಿಂದೆಯೇ ಬಂದಿತ್ತು, ಹಾಕಿರಲಿಲ್ಲ. ಆ ಲೈನ್ ಎಳೆದವರಿಗೂ ಅವತ್ತು ಕೆಲಸ ಬೇಗ ಆಗಬೇಕಿತ್ತು ಅಷ್ಟೇ ಇರಬೇಕು.

ಆಗಲ್ಲ ಅಂದೆ. ನೀವೇ ಬನ್ನಿ ಅಂದೆ. ಒಂಬತ್ತು ದಿನ ಬಿಟ್ಟು ಒಬ್ಬ ಇಂಜಿನಿಯರ್ ಬಂದರು. ಅವರ ಲ್ಯಾಪ್‌ಟಾಪ್ ಹೊರಗೇ ಇಡಿ, ನಮ್ಮದನ್ನೇ ಬಳಸಿ ಅಂದಾಗ ಸ್ವಲ್ಪ ಬೇಜಾರು ಮಾಡಿಕೊಂಡರು. ಆದರೆ ಕೆಲಸ ಗೊತ್ತಿದ್ದ ಮನುಷ್ಯ. ನಲವತ್ತು ನಿಮಿಷದಲ್ಲಿ ಲಾಗ್‌ಗಳನ್ನು ಸರಿ ಮಾಡಿ, ಹಾರ್ಟ್‌ಬೀಟ್ ಹಾಕಿಕೊಟ್ಟು ಹೋದರು. ಹೋಗುವಾಗ ಸಪೋರ್ಟ್‌ನವರ ಕೇಬಲ್ ಸಲಹೆ ಬಗ್ಗೆ ಹೇಳಿದೆ. ಮುಖ ಸಪ್ಪಗಾಯ್ತು. ತಿಂಗಳ ಮೇಲೆ ಕಂಪನಿಯಿಂದ ಪತ್ರ ಬಂತು: ಇನ್ನು ಮುಂದೆ ಒಳಗಿನ ಬದಿಗೆ ರಿಮೋಟ್ ಸಪೋರ್ಟ್ ಕೇಳುವಂತಿಲ್ಲ ಅಂತ ತಮ್ಮವರಿಗೆ ನಿಯಮ ಮಾಡಿದ್ದಾರೆ. ಇದನ್ನು ನಾನು ಮೆಚ್ಚುತ್ತೇನೆ. ಆದರೆ ಒಂಬತ್ತು ದಿನ ಜಾಸ್ತಿ ಆಯ್ತು. ಕೊಳ್ಳುವ ಮುಂಚೆ, ಜನ ಎಷ್ಟು ದಿನದಲ್ಲಿ ಬಂದು ನಿಲ್ಲುತ್ತಾರೆ ಅಂತ ಬರಹದಲ್ಲಿ ತಗೊಳ್ಳಿ.

ಸಮಯದ ವಿಷಯ ಚಿಕ್ಕದು, ಹೇಳಿಬಿಡುತ್ತೇನೆ. ಗಡಿಯಾರ ಸರಿಹೊಂದಿಸುವ ಮಾತುಕತೆ ಕೂಡ ಎರಡು ಕಡೆಯದ್ದೇ. ಡಯೋಡ್ ಹಾಕಿದ ದಿನದಿಂದ ಒಳಗಿನ ಕಂಪ್ಯೂಟರ್‌ಗಳಿಗೆ ಹೊರಗಿನ ಸಮಯ ಸಿಗುವುದಿಲ್ಲ. ಎರಡು ತಿಂಗಳಲ್ಲಿ 7 ಸೆಕೆಂಡ್ ವ್ಯತ್ಯಾಸ ಬಂತು. ವಾಲ್ವ್ ಮುಚ್ಚಿದ ಮೇಲೆ ಪಂಪ್ ನಿಂತಿತೋ, ಪಂಪ್ ನಿಂತ ಮೇಲೆ ವಾಲ್ವ್ ಮುಚ್ಚಿತೋ ಅಂತ ಹೊರಗಿನ ದಾಖಲೆ ಜೊತೆ ಇಟ್ಟು ನೋಡಿದರೆ ಗೊತ್ತಾಗದ ಹಾಗೆ ಆಯ್ತು. ಒಳಗೇ ಒಂದು ಜಿಪಿಎಸ್ ಗಡಿಯಾರ ಇಟ್ಟ ಮೇಲೆ ಸರಿಹೋಯಿತು. ಮಾರುವವರು ಇದನ್ನು ಮೊದಲೇ ಹೇಳಬೇಕಿತ್ತು.

ಇನ್ನು ಕಿಯಾಸ್ಕ್. ಡಯೋಡ್ ಹಾಕಿದ ಮೇಲೆ ಒಳಗೆ ಏನಾದರೂ ತರಬೇಕಾದರೆ ಕೈಯಲ್ಲೇ ತರಬೇಕು. ಪ್ಯಾಚ್, ಪಿಎಲ್‌ಸಿ ಪ್ರೋಗ್ರಾಮ್, ಕ್ಯಾಲಿಬ್ರೇಶನ್ ಫೈಲ್, ಎಲ್ಲ. ಅಂದರೆ ನೆಟ್‌ವರ್ಕ್ ದಾರಿ ಮುಚ್ಚಿದಷ್ಟೂ ಪೆನ್ ಡ್ರೈವ್‌ನ ಮೇಲೆ ಭಾರ ಹೆಚ್ಚುತ್ತೆ. ನಟಾಂಜ್ ಇಂಟರ್ನೆಟ್‌ಗೆ ಸೇರಿರಲಿಲ್ಲ, ಸ್ಟಕ್ಸ್‌ನೆಟ್ ಹರಡುತ್ತಿದ್ದದ್ದು ಯುಎಸ್‌ಬಿಯಿಂದ. 2016ರಲ್ಲಿ ಜರ್ಮನಿಯ ಗುಂಡ್ರೆಮ್ಮಿಂಗನ್ ಸ್ಥಾವರದ ಬಿ ಘಟಕದಲ್ಲಿ, ಇಂಧನ ಸಾಗಿಸುವ ಯಂತ್ರಕ್ಕೆ ಸೇರಿದ ಒಂದು ಕಂಪ್ಯೂಟರ್‌ನಲ್ಲಿ ರಾಮ್ನಿಟ್, ಕಾನ್ಫಿಕರ್ ಅನ್ನುವ ಹಳೆಯ ಮಾಲ್‌ವೇರ್‌ಗಳು ಸಿಕ್ಕವು. 18 ಡ್ರೈವ್‌ಗಳಲ್ಲೂ ಮಾಲ್‌ವೇರ್ ಇತ್ತು, ಅವುಗಳಲ್ಲಿ ಹೆಚ್ಚಿನವು ಪೆನ್ ಡ್ರೈವ್. ಆ ಕಂಪ್ಯೂಟರ್‌ಗೆ ಇಂಟರ್ನೆಟ್ ಇರಲಿಲ್ಲ, ಹಾನಿ ಆಗಲಿಲ್ಲ. ಹದಿನೆಂಟು ಅನ್ನುವ ಸಂಖ್ಯೆ ಮಾತ್ರ ನನ್ನ ತಲೆಯಿಂದ ಹೋಗಿಲ್ಲ.

ಕಿಯಾಸ್ಕನ್ನು ಪರೀಕ್ಷಿಸಲು 68 ಅಕ್ಷರದ ಐಕಾರ್ ಪರೀಕ್ಷಾ ಫೈಲ್ ಬಳಸಿದೆವು. ಅದರಲ್ಲಿ ಕೆಟ್ಟದ್ದು ಏನೂ ಇಲ್ಲ, ಆಂಟಿವೈರಸ್‌ಗಳೆಲ್ಲ ಅದನ್ನು ಹಿಡಿಯಬೇಕು ಅಂತ ಒಪ್ಪಂದ. ನೇರವಾಗಿ ಇಟ್ಟರೆ ಹಿಡಿಯಿತು. ಜಿಪ್ ಮಾಡಿದರೆ ಹಿಡಿಯಿತು. ಜಿಪ್ ಒಳಗೆ ಜಿಪ್ ಹೀಗೆ ಆರು ಸುತ್ತು ಕಟ್ಟಿದಾಗ 'ಕ್ಲೀನ್' ಅಂದಿತು. ಬಿಚ್ಚಲು ಆಗದ ಗಂಟನ್ನು ಸರಿಯಿದೆ ಅನ್ನಬಾರದು, ಬೇಡ ಅನ್ನಬೇಕು. ಆಮೇಲೆ ಕೀಬೋರ್ಡ್ ಥರ ನಟಿಸುವ ಒಂದು ಯುಎಸ್‌ಬಿ ಸಾಧನ ಚುಚ್ಚಿದೆವು. ಇಂಥದ್ದು ಸಾಧ್ಯ ಅಂತ 2014ರಲ್ಲೇ ಸಂಶೋಧಕರು ಎಲ್ಲರ ಮುಂದೆ ತೋರಿಸಿದ್ದಾರೆ. ಕಿಯಾಸ್ಕ್ ಅದನ್ನು ಕೀಬೋರ್ಡ್ ಅಂತಲೇ ನಂಬಿತು, ಪರದೆ ಮೇಲೆ ಅಕ್ಷರಗಳು ತಾನಾಗೇ ಬೀಳತೊಡಗಿದವು. ಎರಡೂ ದೋಷವನ್ನು ಬರೆದು ಕಳಿಸಿದೆವು. ಮೂರು ತಿಂಗಳಲ್ಲಿ ಹೊಸ ಆವೃತ್ತಿ ಬಂತು. ಈಗ ಎರಡಕ್ಕೂ 'ಬೇಡ' ಅನ್ನುತ್ತೆ. ಮತ್ತೆ ಮತ್ತೆ ಪರೀಕ್ಷಿಸಿದ್ದೇವೆ, ಹೌದು.

ಆದರೆ ಕಿಯಾಸ್ಕ್‌ನ ದೊಡ್ಡ ಕೊರತೆ ಅದರ ನಿಧಾನ. ತುಂಬಿದ 32 ಜಿಬಿ ಡ್ರೈವ್ ನೋಡಿ ಮುಗಿಸಲು 19 ನಿಮಿಷ ಬೇಕು. ಹಗಲು ಹೊತ್ತಲ್ಲಿ ಪರವಾಗಿಲ್ಲ. ರಾತ್ರಿ ಎರಡು ಗಂಟೆಗೆ, ಪಂಪ್ ನಿಂತಿದೆ, ಮೇಲಿನವರು ಫೋನ್ ಮಾಡುತ್ತಲೇ ಇದ್ದಾರೆ, ಕೈಯಲ್ಲಿ ಒಂದು ಫೈಲ್ ಇದೆ. ಆ ಹೊತ್ತಿನಲ್ಲಿ 19 ನಿಮಿಷ ಅಂದರೆ ಒಂದು ಯುಗ. ನಮ್ಮ ಅಭ್ಯಾಸದಲ್ಲಿ ಇದೇ ಪರಿಸ್ಥಿತಿ ಕೊಟ್ಟೆವು. ಐದು ತಂಡಗಳಲ್ಲಿ ಎರಡು ತಂಡ ಕಿಯಾಸ್ಕ್ ಬಿಟ್ಟು ನೇರವಾಗಿ ಡ್ರೈವ್ ಚುಚ್ಚಿದವು. ಅವರು ಬೇಜವಾಬ್ದಾರಿ ಜನ ಅಲ್ಲ. ಹದಿನೈದು ಇಪ್ಪತ್ತು ವರ್ಷ ಅನುಭವ ಇದ್ದವರು. ಪಂಪ್ ಓಡಿಸಬೇಕು ಅನ್ನುವ ಕಾಳಜಿಯಲ್ಲೇ ಹಾಗೆ ಮಾಡಿದರು. ಒಬ್ಬರಂತೂ ಆಮೇಲೆ ತುಂಬಾ ನೊಂದುಕೊಂಡರು. ನಾನು ಅವರಿಗೆ ಹೇಳಿದ್ದು ಇಷ್ಟೇ, ತಪ್ಪು ಕಿಯಾಸ್ಕ್‌ನದು, ನಿಮ್ಮದಲ್ಲ.

ಕಿಯಾಸ್ಕ್‌ನಲ್ಲಿ ಇನ್ನೊಂದು ರೀತಿ ಇದೆ, ಮೆನುವಿನ ನಾಲ್ಕನೇ ಪುಟದಲ್ಲಿ ಅಡಗಿದೆ. ಹೊರಗಿನ ಡ್ರೈವ್‌ನಿಂದ ಬೇಕಾದ ಒಂದೇ ಫೈಲ್ ಆರಿಸಿ, ಅದನ್ನು ಮಾತ್ರ ಪರೀಕ್ಷಿಸಿ, ಸ್ಥಾವರದ್ದೇ ಆದ ಇನ್ನೊಂದು ಡ್ರೈವ್‌ಗೆ ಹಾಕಿಕೊಡುತ್ತೆ. ಇದಕ್ಕೆ ಎರಡು ನಿಮಿಷ ಸಾಕು. ಹೊರಗಿನ ಡ್ರೈವ್ ಒಳಗೆ ಹೋಗುವುದೇ ಇಲ್ಲ. ಈಗ ನಮ್ಮಲ್ಲಿ ಹಳದಿ ಬಣ್ಣದ, ನಂಬರ್ ಕೊರೆದ ಹತ್ತು ಡ್ರೈವ್‌ಗಳು ಕಿಯಾಸ್ಕ್ ಪಕ್ಕದ ಮೊಳೆಗಳಲ್ಲಿ ನೇತಾಡುತ್ತವೆ. ಒಳಗಿನ ಕಂಪ್ಯೂಟರ್‌ಗಳಲ್ಲಿ ಒಂದೊಂದೇ ಯುಎಸ್‌ಬಿ ಪೋರ್ಟ್ ಬಿಟ್ಟು ಉಳಿದದ್ದಕ್ಕೆಲ್ಲ ಬೀಗದ ಬಿರಡೆ. ಆ ಒಂದು ಪೋರ್ಟ್ ಈ ಹತ್ತು ಡ್ರೈವ್ ಬಿಟ್ಟರೆ ಬೇರೆಯದನ್ನು ಒಪ್ಪಲ್ಲ. ಮುಂದಿನ ಅಭ್ಯಾಸದಲ್ಲಿ ಐದಕ್ಕೆ ಐದೂ ತಂಡ ಕಿಯಾಸ್ಕ್‌ಗೇ ಹೋದವು. ಜನ ಅವರೇ, ಒತ್ತಡವೂ ಅಷ್ಟೇ ಇತ್ತು.

ಯಾರು ಕೊಳ್ಳಬಹುದು? ಒಳಗಿನಿಂದ ಡೇಟಾ ಹೊರಗೆ ಕೊಡಲೇಬೇಕಾದ, ಹೊರಗಿನಿಂದ ಆಜ್ಞೆ ಬರಲೇಬಾರದ ಜಾಗ ಇದ್ದರೆ ಡಯೋಡನ್ನು ಕಣ್ಣುಮುಚ್ಚಿ ತಗೊಳ್ಳಿ ಅನ್ನುತ್ತೇನೆ. ಕಿಯಾಸ್ಕನ್ನು ಕಣ್ಣು ತೆರೆದು, ನೀವೇ ಪರೀಕ್ಷಿಸಿ ತಗೊಳ್ಳಿ. ಹೊರಗೆ ಕೂತು ಸೆಟ್‌ಪಾಯಿಂಟ್ (ಯಂತ್ರ ಹಿಡಿದಿಡಬೇಕಾದ ಅಂಕಿ) ಬದಲಾಯಿಸಬೇಕು ಅನ್ನುವವರಿಗೆ ಇದು ಆಗಿಬರಲ್ಲ. ಅಂಥ ಅಭ್ಯಾಸವನ್ನೇ ಅಣು ಸ್ಥಾವರದಲ್ಲಿ ಬಿಡಿಸಬೇಕು ಅನ್ನುವುದು ನನ್ನ ಅಭಿಪ್ರಾಯ. ಒಂದು ಕಿವಿಮಾತು, ಒಳಗೆ ಹೋಗಿ ಬರುವ ಇಂಜಿನಿಯರಿಂಗ್ ಲ್ಯಾಪ್‌ಟಾಪ್ ಮುಂದೆ ಡಯೋಡ್‌ನ ಆಟ ನಡೆಯಲ್ಲ. ಪಿಎಲ್‌ಸಿ ಮುಂದಿನ ಬೀಗದ ಕೈ 'ರನ್'ನಲ್ಲೇ ಇರಲಿ. 2017ರಲ್ಲಿ ಸೌದಿ ಅರೇಬಿಯಾದ ಒಂದು ಪೆಟ್ರೋಕೆಮಿಕಲ್ ಘಟಕದಲ್ಲಿ ಟ್ರೈಟನ್ ಅನ್ನುವ ಮಾಲ್‌ವೇರ್ ಸುರಕ್ಷತಾ ನಿಯಂತ್ರಕಗಳಿಗೇ ಕೈ ಹಾಕಿತು. ಆಗ ಆ ಕೈ 'ಪ್ರೋಗ್ರಾಮ್'ನಲ್ಲಿತ್ತು. ನಮ್ಮಲ್ಲಿ ಈಗ ಕೈ ತಿರುಗಿಸಿದವರು ಪುಸ್ತಕದಲ್ಲಿ ಹೊತ್ತು ಬರೆದು ಸಹಿ ಹಾಕುತ್ತಾರೆ, ವಾಪಸ್ ತಿರುಗಿಸಿದಾಗ ಇನ್ನೊಬ್ಬರು ನೋಡಿ ಸಹಿ ಹಾಕುತ್ತಾರೆ.

4 ಮತ್ತು 3ರ ನಡುವೆ ಹಾಕಲು ಎರಡನೇ ಪೆಟ್ಟಿಗೆಗೆ ಬರೆದಿದ್ದೇವೆ. ಇದೇ ಕಂಪನಿಯದ್ದೇ. ಪತ್ರದಲ್ಲಿ ಮೂರು ಷರತ್ತು ಹಾಕಿದ್ದೇನೆ. ಹಾರ್ಟ್‌ಬೀಟ್ ಆನ್ ಆಗಿಯೇ ಬರಬೇಕು. ಡೇಟಾ ನಿಂತ ಐದು ಸೆಕೆಂಡಿನಲ್ಲಿ ಟ್ಯಾಗ್ 'ಬ್ಯಾಡ್' ಆಗಬೇಕು. ಬಾಣದ ಗುರುತು ಮುಂದೆಯೇ ಇರಬೇಕು, ಅಂಗೈ ಅಗಲ. ಮೊದಲ ಎರಡಕ್ಕೆ ಒಪ್ಪಿ ಉತ್ತರ ಬಂದಿದೆ. ಬಾಣದ ಬಗ್ಗೆ ಡಿಸೈನ್‌ನವರನ್ನು ಕೇಳಿ ಹೇಳುತ್ತಾರಂತೆ. ಪೆಟ್ಟಿಗೆ ಬಂದ ದಿನ ಮುಚ್ಚಳ ಬಿಚ್ಚುವ ಕೆಲಸ ಈ ಸಲ ಆ ಹುಡುಗಿಗೆ.